ಜಲ್ಲಿಗೆ ಜಾಗವಿಲ್ಲ

ಬೆಂಗಳೂರಿನ ಕೆ.ಆರ್. ಪುರದ ಕಡೆ ಅಪಾರ್ಟ್‌ಮೆಂಟಿಗೆ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಹುಡುಕುವುದೆಂದರೆ ಗಂಡು ಹುಡುಕಿದ ಹಾಗೆ. ಹೆಸರಿನ ಹಿಂದೆ ಅಕ್ಷರ ಜಾಸ್ತಿ ಇದ್ದಷ್ಟೂ ಬೇಡಿಕೆ ಜಾಸ್ತಿ. ಎಸ್‌ಬಿಆರ್, ಎಂಬಿಆರ್, ಎಂಬಿಬಿಆರ್. ಈ ಸಾಲಿನಲ್ಲಿ ಟ್ರಿಕ್ಲಿಂಗ್ ಫಿಲ್ಟರ್ ಎಂಬ ಬಡಪಾಯಿಯನ್ನು ಯಾರು ತಿರುಗಿ ನೋಡುತ್ತಾರೆ?

ಅದರ ಆಸ್ತಿಯಾದರೂ ಏನು? ದುಂಡನೆಯ ತೊಟ್ಟಿ, ಅದರೊಳಗೆ ಆಳೆತ್ತರ ಜಲ್ಲಿ. ಮೇಲೊಂದು ತೂತಿನ ಪೈಪು, ಚಿಮ್ಮುವ ನೀರಿನ ರಭಸಕ್ಕೇ ಮೆಲ್ಲನೆ ತಿರುಗುತ್ತದೆ. ಗಸಿ ತಂಗಿಸಿದ ಕೊಳಚೆ ಕಲ್ಲಿಂದ ಕಲ್ಲಿಗೆ ಜಿನುಗುವಾಗ, ಕಲ್ಲಿಗೆ ಹತ್ತಿದ ಲೋಳೆಯೊಳಗಿನ ಬ್ಯಾಕ್ಟೀರಿಯಾ ಹೊಲಸನ್ನು ತಿಂದು ಬದುಕುತ್ತವೆ. ಸಂದಿಯಲ್ಲಿ ಗಾಳಿ ತಾನೇ ಆಡುತ್ತದೆ, ಗಾಳಿ ಊದುವ ಬ್ಲೋವರ್ ಬೇಡ. ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ 1893ರಲ್ಲೇ ಶುರುವಾದ ಉಪಾಯ. ನಮ್ಮ ಜಲಮಂಡಳಿಯೂ ವೃಷಭಾವತಿ ಕಣಿವೆಯಲ್ಲಿ ಇದನ್ನೇ ನೆಚ್ಚಿಕೊಂಡಿತ್ತು.

ಅಲ್ಲಿನ ಅಪಾರ್ಟ್‌ಮೆಂಟೊಂದರ ಸಂಘದ ಸಭೆಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ಈ ಜಲ್ಲಿಯ ಪರ ಬಾಯಿಬಿಟ್ಟರು: "ಕರೆಂಟ್ ಬಿಲ್ ಅರ್ಧಕ್ಕರ್ಧ ಇಳಿಯುತ್ತೆ."

"ಎಲ್ಲಿ ಇಡೋದು ಸಾರ್?"

"ಬಯಲಲ್ಲಿ, ಗಾಳಿ ಆಡೋ ಕಡೆ."

ಮುಗಿಯಿತು. ಅಲ್ಲಿ ಬಯಲೆಂದರೆ ವಿಸಿಟರ್ ಪಾರ್ಕಿಂಗ್. ಅದರ ಮೇಲೆ, ಆ ಮೂಲೆ ಈಶಾನ್ಯ ಬೇರೆ!

ಕೇಳಲೇಬೇಕಾದ ಪ್ರಶ್ನೆಗಳಿದ್ದವು. ನೀರಿನ ಹೊಲಸಿನ ಅಳತೆಯಾದ ಬಿಒಡಿ 10ಕ್ಕೆ ಇಳಿಯದಿದ್ದರೆ ಮುಂದೇನು? ಜಲ್ಲಿ ಕಟ್ಟಿಕೊಂಡರೆ? ನೊಣ ಎದ್ದರೆ? ಈ ಪರೀಕ್ಷೆಯಲ್ಲಿ ಜಲ್ಲಿ ಸೋತಿದ್ದರೆ ಮರ್ಯಾದೆಯ ಸೋಲು. ಪಾಪ, ಅದನ್ನು ಸೋಲಿಸಿದ್ದು ನೆಂಟರ ಕಾರು ಮತ್ತು ವಾಸ್ತು.

ಗೆದ್ದ ಎಂಬಿಬಿಆರ್ ನೆಲಮಾಳಿಗೆ ಸೇರಿತು. ಯಂತ್ರದಲ್ಲಿ ಐಬಿಲ್ಲ. ಅದಕ್ಕೆ ಬ್ಲೋವರ್ ಇದೆ, ಬ್ಲೋವರಿಗೊಂದು ಸ್ವಿಚ್ಚಿದೆ, ಸ್ವಿಚ್ಚಿಗೊಬ್ಬ ಖಜಾಂಚಿ ಇದ್ದಾರೆ. ಮೆಂಟೆನೆನ್ಸ್ ಏರಿತೆಂದು ಗೊಣಗಾಟ ಎದ್ದ ರಾತ್ರಿ ಆಫ್, ಸ್ಯಾಂಪಲ್ ಒಯ್ಯಲು ಬರುತ್ತಾರೆಂಬ ಸುಳಿವು ಸಿಕ್ಕ ಬೆಳಿಗ್ಗೆ ಆನ್. ಜಲ್ಲಿಯ ಸಂದಿಯ ಗಾಳಿಗೆ ಈ ಸೌಲಭ್ಯ ಎಲ್ಲಿಂದ ಬರಬೇಕು?

ಆಫ್ ಆದ ರಾತ್ರಿಯ ನೀರು ರಾಜಕಾಲುವೆಯ ಪಾಲು, ಅಲ್ಲಿಂದ ಕೆರೆಯ ಪಾಲು. ಕೆ.ಆರ್. ಪುರಕ್ಕೆ ಎಲೆಮಲ್ಲಪ್ಪ ಶೆಟ್ಟಿ ಕೆರೆ ಇದೆ, ಹಲಸೂರು, ದೊಮ್ಮಲೂರಿಗೆ ಬೆಳ್ಳಂದೂರು. ಬೆಳ್ಳಂದೂರಂತೂ ಬಿಟ್ಟಿ ಬ್ಲೋವರ್: ಕೋಡಿಯಲ್ಲಿ ನೀರು ಧುಮುಕಿದರೆ ಸಾಕು, ನೊರೆ ರಸ್ತೆಗೇ ಹಾರುತ್ತಿತ್ತು. 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದಾಗ ನಂದಿಸಲು ಸೈನಿಕರೂ ಇಳಿಯಬೇಕಾಯಿತು. ನೀರಿಗೆ ಬಿದ್ದ ಬೆಂಕಿಗೆ ನೀರು ಹೊಯ್ಯುವ ತಂತ್ರಜ್ಞಾನಕ್ಕೆ ಮೂರಕ್ಷರದ ಹೆಸರು ಇನ್ನೂ ಸಿಕ್ಕಿಲ್ಲ.

ಅಂದಿನ ಸಭೆಯಲ್ಲಿ ಜಲ್ಲಿಯ ನಂತರದ ವಿಷಯ: ಭಾನುವಾರದ 'ಕೆರೆ ಉಳಿಸಿ' ನಡಿಗೆಗೆ ಟೀ ಶರ್ಟ್ ಹಸಿರೋ ನೀಲಿಯೋ. ಚರ್ಚೆ ಒಂದೂವರೆ ತಾಸು ನಡೆಯಿತು.