ಕಿಟಕಿಯ ಬೆಲೆ

ನಮ್ಮ ಬೀರುವಿನಲ್ಲಿ, ಹೆಂಡತಿಯ ಮದುವೆ ಸೀರೆಯ ಕೆಳಗೆ, ನುಸಿಗುಳಿಗೆಯ ಪಕ್ಕ ಪವಡಿಸಿದ್ದ ಆರೋಗ್ಯ ವಿಮೆಯ ಪಾಲಿಸಿಯನ್ನು ನಾನು ಹನ್ನೊಂದು ವರ್ಷ ಬಿಚ್ಚಿ ನೋಡಿರಲಿಲ್ಲ. ಕಂತು ಮಾತ್ರ ತಪ್ಪದೆ ಕಟ್ಟುತ್ತಿದ್ದೆ. ಹುಂಡಿಗೆ ಕಾಣಿಕೆ ಹಾಕಿದವನು ದೇವರ ಹತ್ತಿರ ರಸೀದಿ ಕೇಳುತ್ತಾನೆಯೇ?

ಹರ್ನಿಯಾ ಆಪರೇಷನ್‌ಗೆ ಸೇರುವಾಗ ಕೌಂಟರಿನ ಹುಡುಗಿ "ಯಾವ ರೂಮು ಸಾರ್?" ಎಂದಳು.

"ಕಿಟಕಿ ಇರೋದು ಕೊಡಮ್ಮಾ, ಇನ್ಶೂರೆನ್ಸ್ ಇದೆ" ಎಂದೆ, ಜೋಡಿದಾರರ ಗತ್ತಿನಲ್ಲಿ.

ದಿನಕ್ಕೆ 6,000 ರೂಪಾಯಿ. ಕಿಟಕಿಯಾಚೆ ಒಂದು ನೀರಿನ ಟ್ಯಾಂಕು, ಅದರ ಮೇಲೆ ಎರಡು ಪಾರಿವಾಳ. ಎರಡು ದಿನ ಅವನ್ನೇ ನೋಡಿದೆ.

ಡಿಸ್ಚಾರ್ಜ್ ದಿನ ಬಿಲ್ಲು ಬಂತು. ನನ್ನದು 3 ಲಕ್ಷದ ಪಾಲಿಸಿ. ರೂಮಿನ ಬಾಡಿಗೆಗೆ ಅದರ ಶೇ. 1 ಮಿತಿ, ಅಂದರೆ ದಿನಕ್ಕೆ 3,000.

"ಹಾಗಾದ್ರೆ ಎರಡು ದಿನದ ಹೆಚ್ಚುವರಿ 6,000 ನಾನು ಕೊಡ್ಬೇಕು, ಅಷ್ಟೇ ತಾನೆ?"

"ಅಷ್ಟೇ ಅಲ್ಲ ಸಾರ್. ನೀವು ಡಬಲ್ ಬಾಡಿಗೆ ರೂಮು ತಗೊಂಡ್ರಲ್ಲ, ಅದಕ್ಕೆ ಸರ್ಜನ್ ಫೀಸು, ಥಿಯೇಟರ್ ಚಾರ್ಜು ಎಲ್ಲಾ ಅರ್ಧಾನೇ ಬರೋದು. ಪ್ರಪೋರ್ಷನೇಟ್ ಡಿಡಕ್ಷನ್."

ಆ ಫೀಸು, ಚಾರ್ಜು ಸೇರಿ ಆದ 70,000ದಲ್ಲಿ 35,000 ನನ್ನ ತಲೆಗೆ. ಒಟ್ಟು 41,000. ಹರ್ನಿಯಾದಲ್ಲೂ ಅರ್ಧ ಒಳಗೇ ಬಿಟ್ಟಿದ್ದಾರೋ ಎಂದು ಹೊಟ್ಟೆ ಮುಟ್ಟಿ ನೋಡಿಕೊಂಡೆ. ಔಷಧಿಗೆ ಈ ಕತ್ತರಿ ಇಲ್ಲವಂತೆ, ಪುಣ್ಯ. ಆದರೆ ಕೈಗವಸಿನ ದುಡ್ಡು ಬೇರೆಯಾಗಿ ನಾನೇ ಕಟ್ಟಬೇಕು. ಬರಿಗೈಯಲ್ಲಿ ಹೊಟ್ಟೆ ಕೊಯ್ಯುವ ಡಾಕ್ಟರನ್ನು ವಿಮೆಯವರು ಎಲ್ಲಿ ಕಂಡಿದ್ದರೋ!

"ಕಾಲು ಕೇಜಿ ಬೆಂಡೆಕಾಯಿಗೆ ಒಂದೊಂದರ ತುದಿ ಮುರಿದು ನೋಡ್ತೀರಿ. ಇದನ್ನ ಮಡಿಕೆ ಬಿಚ್ಚೂ ನೋಡ್ಲಿಲ್ಲ" ಎಂದಳು ಹೆಂಡತಿ.

ಆಮೇಲೆ ವಿಚಾರಿಸಿದರೆ, ತುದಿ ಮುರಿದು ನೋಡುವುದಕ್ಕೂ ಏರ್ಪಾಡಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆಜ್ಞೆಯಂತೆ 2024ರ ಜನವರಿ 1ರಿಂದ ಪಾಲಿಸಿಯ ಜೊತೆ ಸರಳ ಭಾಷೆಯ ಮಾಹಿತಿ ಹಾಳೆಯನ್ನೂ ಕೊಡಬೇಕು: ಯಾವುದಕ್ಕೆ ದುಡ್ಡು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ, ಹಳೆಯ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು, ದೂರು ಎಲ್ಲಿ ಕೊಡಬೇಕು. ಕೇಳಿದರೆ ನಮ್ಮ ಭಾಷೆಯಲ್ಲೇ ಕೊಡಬೇಕು. ಹೊಸ ಪಾಲಿಸಿ ಒಗ್ಗದಿದ್ದರೆ 30 ದಿನದೊಳಗೆ ಹಿಂತಿರುಗಿಸಲೂಬಹುದು.

ಫೋನು ಮಾಡಿ ಕೇಳಿದೆ. "ಕನ್ನಡದಲ್ಲಾ?" ಎಂದು ಆ ಕಡೆಯವರು ಐದು ನಿಮಿಷ ಸಂಗೀತ ಕೇಳಿಸಿದರು. ಎರಡು ವಾರಕ್ಕೆ ಹಾಳೆ ಬಂತು. ಹೆಂಡತಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: "ಕೊಠಡಿ ಬಾಡಿಗೆ, ವಿಮಾ ಮೊತ್ತದ ಶೇಕಡಾ ಒಂದು." ಆರೇ ಪದ, ಪದಕ್ಕೆ ಆರು ಸಾವಿರದ ಮೇಲೆ ಬಿದ್ದಿತ್ತು.

ಈಗ ನಮ್ಮ ಮನೆಯ ಕಿಟಕಿಗೂ ಪಾರಿವಾಳ ಬರುತ್ತವೆ. ಹೆಂಡತಿ ಪೊರಕೆ ಹಿಡಿದು ಓಡಿಸಲು ಹೋದರೆ ತಡೆಯುತ್ತೇನೆ.

"ಇರ್ಲಿ ಬಿಡೇ. ಪುಕ್ಕಟೆ ಕಾಣಿಸ್ತಿವೆ."