ಮ್ಯಾನೇಜರ್ ಸಾಹೇಬರ ಸಮುದ್ರಯಾನ

ಮುಂಗಡ 25,000 ರೂಪಾಯಿ ಕಟ್ಟಿ, ರಸೀದಿ ಜೇಬಿಗಿಳಿಸಿ, ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಫೋನು ಟಿಂಗ್ ಎಂದಿತು. ಯಾರೋ ನನ್ನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಗುಂಪಿನ ಹೆಸರು 'ನಮ್ಮ ಕ್ರೂಸ್ ಕುಟುಂಬ'. ಹಡಗು ಹೊರಡಲು ಇನ್ನೂ ನಾಲ್ಕು ತಿಂಗಳಿತ್ತು. ಕುಟುಂಬ ಆಗಲೇ ಹೊರಟಾಗಿತ್ತು.

ಸಿಂಗಪುರದಲ್ಲಿ ಹತ್ತಿ, ಪೆನಾಂಗ್, ಫುಕೆಟ್ ನೋಡಿ, ಮತ್ತೆ ಸಿಂಗಪುರದಲ್ಲೇ ಇಳಿಯುವ ನಾಲ್ಕು ರಾತ್ರಿಯ ಪ್ರಯಾಣ. ಟೂರಿನವರದೇ ಒಂದು ಗುಂಪು ಇತ್ತು, ಇಲ್ಲವೆಂದಲ್ಲ. ಆದರೆ ಅಲ್ಲಿ ಬಾಯಿ ಬಿಡುವ ಅಧಿಕಾರ ಅವರಿಗೆ ಮಾತ್ರ. ನಾವು 42 ಮಂದಿ ಓದಿ ತೆಪ್ಪಗಿರಬೇಕು. ಈ ಅನ್ಯಾಯ ಸಹಿಸದ ಮಹನೀಯರೊಬ್ಬರು ಎಲ್ಲರ ನಂಬರನ್ನೂ ಅವರೆಕಾಳು ಹೆಕ್ಕಿದ ಹಾಗೆ ಒಂದೊಂದಾಗಿ ಹೆಕ್ಕಿ ಪರ್ಯಾಯ ಸರ್ಕಾರ ರಚಿಸಿದ್ದರು. ಅವರೇ ಮ್ಯಾನೇಜರ್ ಸಾಹೇಬರು. ಬ್ಯಾಂಕು ಬಿಟ್ಟು ಆರು ವರ್ಷವಾಗಿತ್ತು, ಕೌಂಟರಿನಿಂದ ಎದ್ದಿರಲಿಲ್ಲ.

ಇವರನ್ನು ನೀವು ಬಲ್ಲಿರಿ. ಧರ್ಮಸ್ಥಳದ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಸ್ಟಾಪಿಗೊಮ್ಮೆ ತಲೆ ಎಣಿಸುವವರು ಇವರೇ. ಮದುವೆ ಮನೆಯಲ್ಲಿ, ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಯಾರಿಗೂ ಗೊತ್ತಿಲ್ಲದಿದ್ದರೂ, ಪಂಕ್ತಿಯ ತುದಿಯಲ್ಲಿ ನಿಂತು 'ಸಾರು ಇತ್ತ ಬರಲಿ' ಎನ್ನುವವರೂ ಇವರೇ. ನೆಲದ ಮೇಲಿನ ಯಾತ್ರೆಗಳು ಮುಗಿದು ಈಗ ನೀರಿಗೆ ಇಳಿದಿದ್ದಾರೆ, ಅಷ್ಟೆ.

ಮೊದಲ ದಿನವೇ ಸುತ್ತೋಲೆ ಬಂತು. 'ಸದಸ್ಯರ ಗಮನಕ್ಕೆ. ಇದು ಪ್ರವಾಸಕ್ಕೆ ಸಂಬಂಧಿಸಿದ ವಿಚಾರಗಳಿಗೆ ಮಾತ್ರ. ಶುಭೋದಯ, ದೇವರ ಪಟ, ರಾಜಕೀಯ ನಿಷಿದ್ಧ.' ಮರುದಿನ ಬೆಳಗಿನ 5:10ಕ್ಕೆ ದಾಸವಾಳದ ಡಿಪಿ ಇಟ್ಟುಕೊಂಡಿದ್ದ ಒಬ್ಬ ಹಿರಿಯ ಮಹಿಳೆಯಿಂದ ಹಬೆಯಾಡುವ ಕಾಫಿ ಲೋಟ, ಪಕ್ಕದಲ್ಲೊಂದು ಗುಲಾಬಿ, ಕೆಳಗೆ 'ಶುಭೋದಯ'. ಸಾಹೇಬರು ನಿಯಮ ನೆನಪಿಸಿದರು. ಆಕೆ 'ಓಕೆ ಸರ್' ಎಂದು ಕೈ ಮುಗಿದರು. ಅದರ ಮರುದಿನ 5:10ಕ್ಕೆ ಮತ್ತೆ ಗುಲಾಬಿ. ಮತ್ತೆ ನಿಯಮ, ಮತ್ತೆ 'ಓಕೆ ಸರ್'. ಹದಿನೈದು ದಿನವಾದ ಮೇಲೆ ಸಾಹೇಬರೇ 5:05ಕ್ಕೆ ಹಡಗಿನ ಚಿತ್ರದ ಕೆಳಗೆ ಶುಭೋದಯ ಬರೆಯತೊಡಗಿದರು. ಆಡಳಿತದ ಅನುಭವ ಎಂದರೆ ಇದು.

ಪರಿಚಯ ಹೇಳಿಕೊಳ್ಳಿ ಎಂದರು. ಯಾರೂ ತಮ್ಮ ಪರಿಚಯ ಹೇಳಲಿಲ್ಲ, ಮಕ್ಕಳದ್ದು ಹೇಳಿದರು. 'ಮಗ ಸಿಯಾಟಲ್, ಮಗಳು ಸಿಡ್ನಿ, ನಾವು ಶ್ರೀನಗರ. ಕಾಶ್ಮೀರದ್ದಲ್ಲ, ಹನುಮಂತನಗರದ ಪಕ್ಕದ್ದು.' ಹುಬ್ಬಳ್ಳಿಯ ಒಬ್ಬ ಕಾಕಾ ಇದ್ದರು, ಅರಿವೆ ಅಂಗಡಿಯವರು. ಮಂಗಳೂರಿನ ಒಬ್ಬರಿದ್ದರು, ಬಂದರಿನಲ್ಲಿ ಕೆಲಸ ಮಾಡಿದವರು, ತಿಂಗಳಿಗೊಂದು ಮಾತು. ಹೊಸದಾಗಿ ಮದುವೆಯಾದ ಸಾಫ್ಟ್‌ವೇರ್ ಹುಡುಗನೊಬ್ಬ ಒಂದು ರಾತ್ರಿ ಹೆಂಡತಿಗೆ ಕಳಿಸಬೇಕಾದ್ದನ್ನು ಗುಂಪಿಗೆ ಕಳಿಸಿ, ಮರುಕ್ಷಣ ಅಳಿಸಿದ. ಅಳಿಸಿದ ಗುರುತು ಉಳಿಯಿತು. 'ಏನದು ಅಳಿಸಿದ್ದು? ಟಿಕೆಟ್ ರದ್ದಾಯಿತೇ?' ಎಂದು ಸಾಹೇಬರು ಕೇಳಿದರು. 'ಇಲ್ಲ ಸರ್.' 'ಮತ್ತೆ ಏನು? ಸ್ಪಷ್ಟಪಡಿಸಿ.' ನೋಡಿದ್ದ ಏಳು ಮಂದಿ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು.

ವೀಸಾ ಕಾಂಡವನ್ನು ಚಿಕ್ಕದಾಗಿ ಹೇಳುತ್ತೇನೆ, ಅನುಭವಿಸಿದ್ದೇ ಸಾಕು. ಸಿಂಗಪುರದ ವೀಸಾಕ್ಕೆ ಫೋಟೋ 35 ಮಿಲಿಮೀಟರ್ ಅಗಲ, 45 ಉದ್ದ, ಬಿಳಿ ಹಿನ್ನೆಲೆ, ಕಾಗದ ಹೊಳೆಯಬಾರದು. ಸಾಹೇಬರು 42 ಜನರ ಫೋಟೋವನ್ನೂ ತರಿಸಿಕೊಂಡು ಸಹಿ ತಾಳೆ ನೋಡುವ ಕಣ್ಣಿನಿಂದ ನೋಡಿ, 'ಎಡಗಿವಿ ಕಾಣುತ್ತಿಲ್ಲ, ಮತ್ತೊಮ್ಮೆ' ಎಂದು ಹಿಂತಿರುಗಿಸಿದರು. ಹೊಳೆಯಬಾರದ್ದು ಕಾಗದವೋ ಮೂಗುಬೊಟ್ಟೋ ಎಂಬ ಚರ್ಚೆ ಎರಡು ದಿನ ನಡೆಯಿತು. ದಾಸವಾಳದಮ್ಮ ಕೈಗೆ 200 ಸಿಂಗಪುರ ಡಾಲರ್ ಇಟ್ಟುಕೊಂಡರೆ ಸಾಕೇ ಎಂದು ಕೇಳಿದ್ದಕ್ಕೆ, ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್ ತನಕ ಹೊರದೇಶಕ್ಕೆ ಕಳಿಸಬಹುದು ಎಂದು ಸಾಹೇಬರು ಅಭಯ ಕೊಟ್ಟರು. ಆಕೆ 'ಓಕೆ ಸರ್' ಎಂದರು. 200 ಸಾಕೋ ಸಾಲದೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ಆಹಾರ ಕಾಂಡವನ್ನು ಮಾತ್ರ ಹಾಗೆ ಬಿಡಲಾಗದು. ಶುರು ಮಾಡಿದವರು ಕಾಕಾ. 'ಸಾಹೇಬ್ರ, ಕಡಕ್ ರೊಟ್ಟಿ ಒಯ್ಯಾಕ ಬಿಡ್ತಾರೇನ್ರಿ?' ಹಡಗಿನಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ಊಟ ತೆರೆದೇ ಇರುತ್ತದೆ, ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯ ಊಟ, ಜೈನ ಊಟ ಎಲ್ಲವೂ ಸಿಗುತ್ತದೆ ಎಂದು ಸಾಹೇಬರು ಉತ್ತರಿಸಿದರು. 'ಅದು ಖರೆ ಐತ್ರಿ. ರೊಟ್ಟಿ ಒಯ್ಯಾಕ ಬಿಡ್ತಾರೇನು?' ಅಲ್ಲಿಂದ ಕಟ್ಟೆ ಒಡೆಯಿತು. ಒಬ್ಬರು ಪುಳಿಯೋಗರೆ ಗೊಜ್ಜು ಎಂದರು, ಇನ್ನೊಬ್ಬರು ಮೆಂತ್ಯದ ಹಿಟ್ಟು, ಮತ್ತೊಬ್ಬರು ಪುಟ್ಟ ರೈಸ್ ಕುಕ್ಕರ್. ನಾಲ್ಕು ರಾತ್ರಿಯ ಪ್ರವಾಸವೋ ಪಾಂಡವರ ವನವಾಸವೋ ತಿಳಿಯದಾಯಿತು.

ಸಾಹೇಬರು ಆಗ ನಿಷೇಧಗಳ ಪಟ್ಟಿ ಬಿಚ್ಚಿದರು. ಹಡಗಿನಲ್ಲಿ ಬೆಂಕಿಯಷ್ಟು ಭಯ ಬೇರೆ ಯಾವುದಕ್ಕೂ ಇಲ್ಲ. ಹಾಗಾಗಿ ಕುಕ್ಕರ್, ಇಸ್ತ್ರಿಪೆಟ್ಟಿಗೆ, ಕೆಟಲ್, ಬಿಸಿಯಾಗುವ ಯಾವ ಸಾಮಾನೂ ಕೋಣೆಗೆ ಬರುವಂತಿಲ್ಲ. ಹತ್ತುವಾಗ ಎತ್ತಿಟ್ಟುಕೊಳ್ಳುತ್ತಾರೆ. 'ಕಾಫಿ ಫಿಲ್ಟರ್?' ಎಂದರು ದಾಸವಾಳದಮ್ಮ. ಗುಂಪು ಸ್ತಬ್ಧವಾಯಿತು. ಸಾಹೇಬರು ಒಂದು ರಾತ್ರಿ ಯೋಚಿಸಿ ತೀರ್ಪು ಕೊಟ್ಟರು: 'ಫಿಲ್ಟರ್ ಬಿಸಿ ಮಾಡುವುದಿಲ್ಲ, ಬಿಸಿಯನ್ನು ಸ್ವೀಕರಿಸುತ್ತದೆ. ಒಯ್ಯಬಹುದು.' ಮೂವತ್ತು ಜನ ಚಪ್ಪಾಳೆ ತಟ್ಟಿದರು. ಅವರ ವೃತ್ತಿಜೀವನದಲ್ಲಿ ಯಾವ ಸಾಲ ಮಂಜೂರಾತಿಗೂ ಇಂಥ ಸ್ವಾಗತ ಸಿಕ್ಕಿರಲಾರದು.

ಗಸಗಸೆಗೆ ಸಿಂಗಪುರದಲ್ಲಿ ಪ್ರವೇಶವಿಲ್ಲ, ಅಫೀಮಿನ ಗಿಡದ ಬೀಜವೆಂದು. ಪಾಯಸದ ಆಸೆ ಬಿಡಿ ಎಂದರು, ಬಿಟ್ಟೆವು. ಚೂಯಿಂಗ್ ಗಮ್ 1992ರಿಂದಲೇ ನಿಷಿದ್ಧ. ನಮ್ಮಲ್ಲಿ ಹಲ್ಲು ಗಟ್ಟಿಯಿದ್ದವರೇ ಕಡಮೆ, ಅದನ್ನೂ ಬಿಟ್ಟೆವು. ಒಣಕೊಬ್ಬರಿಗೆ ಬಂದಾಗ ಮಾತ್ರ ಕುಟುಂಬ ತಿರುಗಿಬಿತ್ತು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿನಲ್ಲಿ ವಿಮಾನದವರು ಅದನ್ನು ಇಟ್ಟಿದ್ದಾರೆ ಎಂದು ಸಾಹೇಬರು ಬರೆದರು. 'ಹಾಗಾದರೆ ಚಟ್ನಿಪುಡಿ? ಅದರಲ್ಲಿ ಕೊಬ್ಬರಿ ಇದೆಯಲ್ಲ?' ಪುಡಿಯಾದ ಮೇಲೆ ಕೊಬ್ಬರಿ ಕೊಬ್ಬರಿಯಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಆದಿಶಂಕರರ ಕಾಲದಲ್ಲಿ ಎದ್ದಿದ್ದರೆ ಒಂದು ಮತವೇ ಹುಟ್ಟುತ್ತಿತ್ತು. ಕಾಕಾ ಗೆದ್ದರು: 'ನಮ್ಮದು ಶೇಂಗಾ ಹಿಂಡಿರಿ. ಕೊಬ್ಬರಿ ಇಲ್ಲ, ತಕರಾರಿಲ್ಲ.'

ಕುಡಿಯುವ ನೀರು? ಹಡಗು ಸಮುದ್ರದ ನೀರನ್ನೇ ಭಟ್ಟಿ ಇಳಿಸಿ, ಸೋಸಿ ಸಿಹಿನೀರು ಮಾಡಿಕೊಳ್ಳುತ್ತದೆ ಎಂದು ಸಾಹೇಬರು ಹೇಳಿದ್ದು ಯಾರಿಗೂ ರುಚಿಸಲಿಲ್ಲ. ಅವರು ಇತಿಹಾಸ ತೆಗೆದರು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹಡಗಿನಲ್ಲಿ ಹೊರಟ ಜೈಪುರದ ಸವಾಯಿ ಮಾಧೋಸಿಂಗ್ ಮಹಾರಾಜರು ಮಡಿ ಕೆಡಬಾರದೆಂದು ಭಾರಿ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋಗಿದ್ದರು. ಒಂದೊಂದು ಹಂಡೆಗೂ ಸುಮಾರು 4,000 ಲೀಟರ್. 'ನೋಡಿ, ನಾವು ಅಷ್ಟು ಯೋಚಿಸಬೇಕಿಲ್ಲ' ಎಂಬುದು ಅವರ ಇಂಗಿತ. ಕುಟುಂಬಕ್ಕೆ ಅರ್ಥವಾದದ್ದು ಬೇರೆ. 'ಸರ್, ತಲಾ ಎಷ್ಟು ಲೀಟರ್ ಕಾವೇರಿ ಒಯ್ಯಬಹುದು?'

ಫುಕೆಟ್‌ನ ದಿನವೇ ಸಂಕಷ್ಟಿ ಬಿದ್ದಿತ್ತು. ಚಂದ್ರೋದಯ ಯಾವ ಊರಿನದು ಹಿಡಿಯಬೇಕು? ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ಥಾಯ್ಲೆಂಡ್ ಒಂದೂವರೆ, ಹಡಗಿನ ಗಡಿಯಾರ ಹಡಗಿನದೇ. ಸಾಹೇಬರು ಮೂರೂ ಊರಿನ ಚಂದ್ರೋದಯ ತೆಗೆದು ಪಟ್ಟಿ ಮಾಡಿ ಹಾಕಿದರು. ಮಂಗಳೂರಿನವರು ಆ ತಿಂಗಳ ತಮ್ಮ ಮಾತು ಖರ್ಚು ಮಾಡಿದರು: 'ಚಂದ್ರ ಕಂಡ ಮೇಲೆ ಉಂಡರೆ ಆಯ್ತಲ್ಲ ಮಾರಾಯ್ರೆ.'

ಭಯ ಎಲ್ಲರಿಗೂ ಇತ್ತು, ಬಾಯಿ ಬಿಟ್ಟವರು ಯಾರೂ ಇಲ್ಲ. ಅವೊಮಿನ್ ಮಾತ್ರೆ ಎಷ್ಟು ಹೊತ್ತು ಮುಂಚೆ, ಶುಂಠಿ ಹಸಿಯೋ ಒಣಗಿದ್ದೋ ಎಂದು ಸುತ್ತಿ ಬಳಸಿ ಕೇಳುತ್ತಿದ್ದರು. ಕೊನೆಗೆ ಯಾರೋ ಟೈಟಾನಿಕ್ ಚಿತ್ರದ ತುಣುಕು ಹಾಕಿಯೇಬಿಟ್ಟರು. ಸಾಹೇಬರು ಕಾಯುತ್ತಿದ್ದುದೇ ಅದಕ್ಕೆ. ಆ ಹಡಗಿನಲ್ಲಿ ಸುಮಾರು 2,200 ಜನ, ರಕ್ಷಣಾ ದೋಣಿಗಳಲ್ಲಿ ಜಾಗ 1,178 ಮಂದಿಗೆ. ಆ ದುರಂತದ ಫಲವಾಗಿಯೇ 1914ರಲ್ಲಿ ಸಮುದ್ರ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ ಬಂತು. ಮಲಾಕ್ಕಾ ಜಲಸಂಧಿಯಲ್ಲಿ ನೀರ್ಗಲ್ಲು ಇಲ್ಲ, ಹೆದರಬೇಡಿ. ಹೊರಡುವ ಮೊದಲೇ ಕವಾಯತು ಇರುತ್ತದೆ: ಏಳು ಸಣ್ಣ ಕೂಗು, ಒಂದು ಉದ್ದ ಕೂಗು. ಕೇಳಿದೊಡನೆ ಎಲ್ಲರೂ ತಮ್ಮ ಮಸ್ಟರ್ ಸ್ಟೇಷನ್ನಿಗೆ ಹೋಗಿ ಸೇರಬೇಕು. 'ಏಳು ಸಣ್ಣ, ಒಂದು ಉದ್ದ' ಎಂದು ಪ್ರತಿ ಗುರುವಾರ ನಮಗೆ ಪಾಠ ಒಪ್ಪಿಸಿದರು. ನಮ್ಮ ಮನೆಯ ಕುಕ್ಕರ್ ನಾಲ್ಕನೇ ಸೀಟಿ ಹಾಕಿದರೆ ನಮ್ಮಾಕೆ 'ಇನ್ನು ಮೂರು' ಎನ್ನತೊಡಗಿದಳು.

ಕೊನೆಯ ಸುತ್ತೋಲೆ ಫೋನಿನದು. ರೋಮಿಂಗ್ ಪ್ಯಾಕನ್ನು ಸಿಂಗಪುರದಿಂದಲೇ ಶುರು ಮಾಡಿ ದುಡ್ಡು ಹಾಳು ಮಾಡಬೇಡಿ, ಅಲ್ಲಿ ಒಂದು ರಾತ್ರಿಗೆ ಹೋಟೆಲಿನ ವೈಫೈ ಇದೆ. ಹಡಗಿನ ಇಂಟರ್‌ನೆಟ್ ದುಬಾರಿ, ಯಾರೂ ಕೊಳ್ಳಬೇಡಿ. ಪೆನಾಂಗ್‌ನಲ್ಲಿ ಇಳಿದ ಮೇಲೆ ಪ್ಯಾಕ್ ಶುರು ಮಾಡಿದರೆ ಸಾಕು. 42 ಮಂದಿಯೂ ಒಪ್ಪಿದೆವು.

ಅಂತೂ ಹೊರಡುವ ದಿನ ಬಂತು. ವಿಮಾನ ನಿಲ್ದಾಣದಲ್ಲಿ ಯಾರಿಗೂ ಯಾರ ಗುರುತೂ ಹತ್ತಲಿಲ್ಲ. ನಾಲ್ಕು ತಿಂಗಳು ನಾವು ಮಾತಾಡಿದ್ದು ದಾಸವಾಳದ ಜತೆ, ಮಂತ್ರಾಲಯದ ರಾಯರ ಜತೆ, ಯಾರದೋ ಮೊಮ್ಮಗುವಿನ ಜತೆ. ಟೂರಿನವರು ಕೊಟ್ಟ ನೀಲಿ ಟೋಪಿ ನೋಡಿ ಹತ್ತಿರ ಹೋದೆವು, ಕೈ ಮುಗಿದೆವು. ಆಮೇಲೆ ಏನು ಮಾತಾಡುವುದು? ರೊಟ್ಟಿಯ ವಿಷಯ ಮುಗಿದಿತ್ತು, ನೀರಿನದು ಮುಗಿದಿತ್ತು, ಸೊಂಟನೋವಿನ ಸಹಿತ ಎಲ್ಲವೂ ಮುಗಿದಿತ್ತು.

ಮ್ಯಾನೇಜರ್ ಸಾಹೇಬರು ನಾನು ಎಣಿಸಿದ್ದಕ್ಕಿಂತ ಒಂದು ಗೇಣು ಕುಳ್ಳಗಿದ್ದರು. 'ಹ್ಞೂಂ, ಬಂದ್ರಾ' ಎಂದರು. ಅಷ್ಟೆ. ಪಕ್ಕದಲ್ಲಿದ್ದ ಅವರ ಮನೆಯಾಕೆ ನಕ್ಕರು. 'ಇವರು ಮೊದಲಿನಿಂದ ಹೀಗೇ ಕಣ್ರೀ, ಮಾತೇ ಕಡಮೆ. ರಿಟೈರ್ ಆದ ಮೇಲಂತೂ ಪೂರ್ತಿ ನಿಂತೇಹೋಗಿತ್ತು. ಈ ನಾಲ್ಕು ತಿಂಗಳು ನೋಡಿ, ಬೆಳಗಿನ ಜಾವಕ್ಕೇ ಎದ್ದು ಯಾರಾದ್ರೂ ಏನಾದ್ರೂ ಕೇಳಿದಾರಾ ಅಂತ ಫೋನ್ ನೋಡ್ತಿದ್ರು.' ಸಾಹೇಬರು ಕಿವಿ ಕೆಂಪು ಮಾಡಿಕೊಂಡು ಬೋರ್ಡಿಂಗ್ ಪಾಸ್ ಓದತೊಡಗಿದರು. ಗೇಟಿನ ಬಳಿ ಹೋಗಿ ಕೂತೆವು. ಐದು ನಿಮಿಷಕ್ಕೆ ಸುತ್ತಲ ಕುರ್ಚಿಗಳಲ್ಲೆಲ್ಲ ಟಿಂಗ್ ಟಿಂಗ್. 'ಎಲ್ಲರೂ ಗೇಟ್ ತಲುಪಿದಿರಾ? ಖಚಿತಪಡಿಸಿ.' ಎದುರು ಕುರ್ಚಿಯಿಂದ ಬಂದಿತ್ತು. ಖಚಿತಪಡಿಸಿದೆವು.

ಹಡಗಿನ ಬಗ್ಗೆ ಹೆಚ್ಚು ಹೇಳಲಾರೆ, ಫೋಟೋಗಳಲ್ಲಿ ಎಲ್ಲ ನೋಡಿಯಾಗಿತ್ತು. ಹತ್ತಿ ಒಂದು ಗಂಟೆಗೆ ಕೂಗು ಕೇಳಿಸಿತು. ಎಣಿಸಿದೆವು: ಏಳು ಸಣ್ಣ, ಒಂದು ಉದ್ದ. ಹಡಗಿನ ಸಿಬ್ಬಂದಿಗೇ ಅಚ್ಚರಿಯಾಗುವ ಹಾಗೆ ನಾವು 42 ಮಂದಿ ಎಲ್ಲರಿಗಿಂತ ಮೊದಲು ಸಿ ಸ್ಟೇಷನ್ನಿನಲ್ಲಿ ಸಾಲಾಗಿ ನಿಂತಿದ್ದೆವು. ಸಾಹೇಬರೊಬ್ಬರೇ ತಲೆ ತಗ್ಗಿಸಿ ಎರಡು ಹೆಬ್ಬೆರಳಲ್ಲೂ ಏನೋ ಒತ್ತುತ್ತಿದ್ದರು. ಬಗ್ಗಿ ನೋಡಿದೆ. ಬರೆದದ್ದರ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಬಂದು ಕೂತಿತ್ತು, ಸಂದೇಶ ಹೊರಟಿರಲಿಲ್ಲ.

ಮಂಗಳೂರಿನವರು ಮೆಲ್ಲಗೆ ಹೇಳಿದರು, 'ಸಾರ್, ನಾವೆಲ್ಲ ಇಲ್ಲೇ ಉಂಟಲ್ಲ.'

'ದಾಖಲೆಗೆ ಇರಲಿ' ಎಂದರು ಸಾಹೇಬರು.

ಮರುದಿನ ಮಧ್ಯಾಹ್ನ ಪೆನಾಂಗ್. ಜಾರ್ಜ್‌ಟೌನಿನ ಲಿಟ್ಲ್ ಇಂಡಿಯಾದಲ್ಲಿ ಬಾಳೆಲೆಯ ಊಟದ ಹೋಟೆಲೊಂದನ್ನು ಕಾಕಾ ವಾಸನೆಯ ಮೇಲೇ ಕಂಡುಹಿಡಿದಿದ್ದರು. ಸಾಲು ಮೇಜುಗಳಲ್ಲಿ ಇಡೀ ಕುಟುಂಬ ಕೂತಿತ್ತು, ಸುತ್ತೋಲೆಯ ಪ್ರಕಾರ ಎಲ್ಲರೂ ಪ್ಯಾಕ್ ಶುರು ಮಾಡಿಕೊಂಡಿದ್ದೆವು. ಸಾಂಬಾರು ಬಡಿಸುತ್ತಿರುವಾಗ 42 ಫೋನೂ ಒಟ್ಟಿಗೆ ಕೂಗಿದವು.

'ತುರ್ತು. ಏಳು ಸಣ್ಣ, ಒಂದು ಉದ್ದ ಆಗಿದೆ. ಎಲ್ಲ ಸದಸ್ಯರೂ ಈ ಕೂಡಲೇ ಸಿ ಸ್ಟೇಷನ್ನಿಗೆ ಬನ್ನಿ. ಗಾಬರಿ ಬೇಡ.'

'ಏನಾತ್ರಿ?' ಎಂದು ಕಾಕಾ ಕಲಸಿದ ಕೈಯಲ್ಲೇ ಎದ್ದು ನಿಂತರು. ಸಾಹೇಬರು ಇದ್ದಕ್ಕಿದ್ದಂತೆ ಉಪ್ಪಿನಕಾಯಿ ಹುಡುಕತೊಡಗಿದರು. ಮತ್ತೊಮ್ಮೆ ಟಿಂಗ್ ಎಂದಿತು. ಮೂಲೆಯ ಮೇಜಿನಲ್ಲಿ ದಾಸವಾಳದಮ್ಮ ಎಡಗೈಯಲ್ಲಿ ಫೋನು ಹಿಡಿದು, ಅಪ್ಪಳ ಮುರಿಯುತ್ತಲೇ ಉತ್ತರ ಕೊಟ್ಟಿದ್ದರು.

'ಓಕೆ ಸರ್. ಮಜ್ಜಿಗೆ ಆದ ಕೂಡಲೇ ಬರ್ತೀನಿ.'