ನಾಲ್ಕು ಡಬ್ಬಿ, ಮೂರು ಬಾಣ

ಶಿಗ್ಗಾಂವಿಯ ಒಂದು ಜೆರಾಕ್ಸ್ ಅಂಗಡಿ. ಕರೆಂಟು ಹೋಗಿತ್ತು. ಬೈಂಡಿಂಗಿಗೆ ಬಂದಿದ್ದ ಎಂ.ಎ. ಪ್ರಬಂಧವೊಂದರ ಹಾಳೆಗಳು ಟೇಬಲ್ಲಿನ ಮೇಲೆ ಬಿದ್ದಿದ್ದವು: ‘ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೈತರಲ್ಲಿ ಗೋವಿನಜೋಳದ ಹೈಬ್ರಿಡ್ ಬೀಜದ ಆಯ್ಕೆ: ಒಂದು ಅಧ್ಯಯನ’. ಒಂದು ಪುಟದಲ್ಲಿ ಎಡಕ್ಕೆ ವಯಸ್ಸು, ವಿದ್ಯಾಭ್ಯಾಸ, ಜಮೀನು ಎಂಬ ಮೂರು ಡಬ್ಬಿ. ಬಲಕ್ಕೆ ‘ಬೀಜದ ಆಯ್ಕೆ’ ಎಂಬ ಒಂದೇ ಡಬ್ಬಿ. ನಡುವೆ ಮೂರು ಬಾಣ. ಕೆಳಗೆ ‘ಚಿತ್ರ 1.1: ಪರಿಕಲ್ಪನಾ ಚೌಕಟ್ಟು’. ರಾಗಿ-ಭತ್ತಗಳನ್ನು ಜಗಳಕ್ಕೆ ಬಿಟ್ಟು ಮಾತಾಡಿಸಿದ ಕನಕದಾಸರು ಹುಟ್ಟಿದ ಬಾಡ ಇದೇ ತಾಲ್ಲೂಕಿನದು. ಹಾಳೆಯೊಂದನ್ನು ಮಾತಾಡಿಸಲು ನನಗೇನು ಸಂಕೋಚ?

ನಮಸ್ಕಾರ. ತಮ್ಮ ಊರು ಯಾವುದು?

ಯಾವುದಂತ ಹೇಳ್ಲಿರೀ? ಹುಟ್ಟಿದ್ದು ಎಲ್ಲೋ ದೂರದ ದೇಶದಾಗ, ಟೂತ್‌ಪೇಸ್ಟ್ ಕೊಳ್ಳೋರ ಮ್ಯಾಲೆ ಯಾರೋ ಬರೆದ ಪ್ರಬಂಧದಾಗ. ಅಲ್ಲಿಂದ ಮೊಬೈಲ್ ಬ್ಯಾಂಕಿಂಗಿಗೆ ಬಂದೆ. ಹ್ವಾದ ವರ್ಷ ಸವಣೂರ ಎಲಿಬಳ್ಳಿಗೆ ದುಡದೆ, ಅದರ ಹಿಂದ ಹಾನಗಲ್ ಮಾವಿನ ಹಣ್ಣಿಗೆ. ಡಬ್ಬಿ ಅವ, ಬಾಣ ಅವ. ಬಲಗಡೆ ಹೆಸರಷ್ಟ ಬದಲು. ಒಂದ್ಸಲ ಅದನ್ನೂ ಬದಲಿಸೋದು ಮರತು, ಎಲಿ ಬೆಳೆಯೋರ ಪ್ರಬಂಧದಾಗ ‘ಬ್ರ್ಯಾಂಡ್ ನಿಷ್ಠೆ’ ಹಂಗ ಉಳಕೊಂಡಿತ್ತು. ವೈವಾದಾಗ ಯಾರೂ ಕೇಳಲಿಲ್ಲ ಬಿಡ್ರಿ.

ಅಸಲಿಗೆ ನಿಮ್ಮ ಕೆಲಸವೇನು?

ಪುಸ್ತಕದಾಗಿನ ಮಾತು ಬೇಕೋ, ಖರೇ ಮಾತು ಬೇಕೋ?

ಮೊದಲು ಪುಸ್ತಕದ್ದೇ ಆಗಲಿ.

ಯಾವುದರಿಂದ ಯಾವುದು ಆಗತೈತಿ ಅನ್ನೋ ಊಹೆಯನ್ನ ಹೊಲಕ್ಕ ಹೋಗೂಕಿಂತ ಮೊದಲ ಬರೆದಿಡಬೇಕು. ಎಡಕ್ಕ ಸ್ವತಂತ್ರ ಚಲಕ, ಬಲಕ್ಕ ಅವಲಂಬಿತ ಚಲಕ. ಪ್ರಶ್ನಾವಳಿಯ ಪ್ರತಿ ಪ್ರಶ್ನೆಗೂ ನನ್ನೊಳಗ ಒಂದು ಮನಿ ಇರಬೇಕು. ಮನಿ ಇಲ್ಲದ ಪ್ರಶ್ನೆ ಕೇಳಬಾರದು, ಪ್ರಶ್ನೆ ಇಲ್ಲದ ಮನಿ ಕಟ್ಟಬಾರದು.

ಇನ್ನು ಖರೇ ಮಾತು?

ನನ್ನ ಬರೆದದ್ದು ನಿನ್ನೆ ರಾತ್ರಿ. ಪ್ರಶ್ನಾವಳಿ ತುಂಬಿಸಿ ಎರಡು ತಿಂಗಳಾತು. ಮದುವಿ ಆಗಿ, ಮಕ್ಕಳ ಜಾವಳ ತಗದ ಮ್ಯಾಲ ಜಾತಕ ಕೂಡಿಸಿದಂಗ. ಕೂಡಿ ಬರತಾವ ನೋಡ್ರಿ, 36ಕ್ಕೆ 36 ಗುಣ!

(ಇಲ್ಲಿ ಅದು ನಕ್ಕಿತು. ಒಂದು ಬಾಣ ಸ್ವಲ್ಪ ಸೊಟ್ಟಗಾಯಿತು.)

ನಿಮ್ಮ ಕುಲದಲ್ಲಿ ಮರ್ಯಾದಸ್ಥರು ಯಾರೂ ಇಲ್ಲವೆ?

ಹಂಗನಬ್ಯಾಡ್ರಿ. ಗೋವಿನಜೋಳದ ಮನಿತನದಾಗ ನಮ್ಮೋರು ಭಾಳ ದೊಡ್ಡೋರು. ಅಮೆರಿಕದ ಅಯೋವಾದಾಗ ಬ್ರೈಸ್ ರಯಾನ್, ನೀಲ್ ಗ್ರಾಸ್ ಅಂತ ಇಬ್ಬರಿದ್ದರು. ಎರಡು ಊರಿನ 259 ರೈತರನ್ನ ಕಂಡು, ಹೈಬ್ರಿಡ್ ಬೀಜ ಯಾವಾಗ ಹಾಕಿದ್ರಿ, ಮೊದಲು ಯಾರು ಹೇಳಿದ್ರು ಅಂತ ಕೇಳಿದರು. 1943ರಾಗ ಅಚ್ಚಾತು. ಇಂಥಾ ಬೀಜ ಬಂದೈತಿ ಅಂತ ಸುದ್ದಿ ಮುಟ್ಟಿಸಿದಾವ ಹೆಚ್ಚಾಗಿ ಕಂಪನಿ ಮಾರಾಟದವ. ಬಿತ್ತಾಕ ಮನಸ್ಸು ಮಾಡಿಸಿದಾವ ಬಾಜೂ ಹೊಲದವ. ಎವರೆಟ್ ರೋಜರ್ಸ್ 1962ರಾಗ ಹೊಸದು ಹೆಂಗ ಹಬ್ಬತೈತಿ ಅಂತ ಪುಸ್ತಕ ಬರೆದಾಗ ಈ ಅಧ್ಯಯನಾನೂ ಅದಕ್ಕ ಬುನಾದಿ ಆತು. ಈಗ ನನ್ನೊಳಗ ನೋಡ್ರಿ, ಬಾಜೂ ಹೊಲದವ ಎಲ್ಲರೆ ಕಾಣತಾನ?

ಇಲ್ಲ.

ಟೂತ್‌ಪೇಸ್ಟಿಗೆ ಬಾಜೂ ಹೊಲ ಇರೂದಿಲ್ರೀ.

ಅಷ್ಟು ದೂರ ಯಾಕೆ, ಕನಕದಾಸರೇ ಇದ್ದಾರಲ್ಲ. ‘ರಾಮಧಾನ್ಯ ಚರಿತೆ’ಯಲ್ಲಿ ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಟ್ಟು ನೋಡುತ್ತಾರೆ.

ಹೌದ್ರಿ, ಅದು ಬರೋಬ್ಬರಿ ಸಂಶೋಧನೆ! ಎರಡಕ್ಕೂ ಅದ ಸೆರಿ, ಅಷ್ಟ ಕಾಲ. ಆಮ್ಯಾಲ ಸತ್ವ ಉಳಿಸಿಕೊಂಡದ್ದು ಯಾವುದಂತ ನೋಡಿದರು. ಭತ್ತ ಬಸವಳಿತು, ರಾಗಿ ಗಟ್ಟಿ ಉಳಿತು. ಯಾರ ಬಾಣಾನೂ ಎರವಲು ತರಲಿಲ್ಲ.

ಈ ಪ್ರಬಂಧ ಬರೆದ ಹುಡುಗಿ ಹೊಲಕ್ಕೆ ಹೋಗಲೇ ಇಲ್ಲವೆ?

ಹೋಗ್ಯಾಳ್ರಿ ಪಾಪ, ಸುಳ್ಳ್ಯಾಕ ಹೇಳ್ಲಿ. ತಾಲ್ಲೂಕಿಗೆ ಮೂವತ್ತು ಮಂದಿ, ಬಿಸಿಲಾಗ ಬಸ್ಸು ಹತ್ತಿ ಇಳದು ತುಂಬಿಸ್ಯಾಳ. ಹಿರೇಕೆರೂರು ಕಡೆ ಒಂದು ಹಳ್ಳ್ಯಾಗ ಒಬ್ಬ ಅಜ್ಜ ಕಟ್ಟಿ ಮ್ಯಾಲ ಕುಂತಿದ್ದ. ‘ಅಜ್ಜಾ, ಈ ಬೀಜಾನ ಯಾಕ ಆರಿಸಿದ್ರಿ? ಇಳುವರಿ, ಬೆಲೆ, ಜಾಹೀರಾತು, ಇಲಾಖೆ ಸಲಹೆ, ಒಂದು ಹೇಳ್ರಿ’ ಅಂದ್ಲು. ಅಜ್ಜ ಎಲಿಗೆ ಸುಣ್ಣ ಹಚ್ಚಿಕೋತ ಹೇಳಿದ: ‘ಯವ್ವಾ, ಆರಸಾಕ ನಾ ಏನು ಸೀರಿ ಅಂಗಡಿಗೆ ಹೋಗಿದ್ನೇನ? ಗೊಬ್ಬರದ ಅಂಗಡ್ಯಾವ ಉದ್ರಿ ಕೊಟ್ಟ. ಯಾವ ಚೀಲ ಕೊಟ್ಟನೋ ಅದನ್ನ ಬಿತ್ತೀನಿ. ನಾಳೆ ಮಾಲು ಅವನ ಕಡೇನ ಹೋಗೂದು, ರೇಟೂ ಅವನ ಹೇಳಾವ.’

ಅವಳು ಏನು ಬರೆದುಕೊಂಡಳು?

‘ಇಳುವರಿ’ಗೆ ಟಿಕ್ ಹಾಕಿದ್ಲು. ಬ್ಯಾರೆ ಏನು ಮಾಡ್ತಾಳ್ರೀ, ಇದ್ದದ್ದು ನಾಲ್ಕ ಉತ್ತರ. ಆದ್ರ ಹಾಳಿ ಅಂಚಿಗೆ ಪೆನ್ಸಿಲ್ಲೀಲೆ ‘ಉದ್ರಿ’ ಅಂತ ಬರದ್ಲು. ಮುಂದಿನ ಹಾಳಿಗೂ ಬರದ್ಲು. ಆ ಕಟ್ಟು ಬಿಚ್ಚಿ ನೋಡ್ರಿ, ಅಂಚಿನ ತುಂಬ ಅದ.

ಹಾಗಾದರೆ ಉದ್ರಿಗೊಂದು ಡಬ್ಬಿ ಯಾಕಿಲ್ಲ?

ಗೈಡ್ ಕೇಳಿದರಂತ: ‘ಅದಕ್ಕ ಸ್ಕೇಲ್ ಎಲ್ಲೈತಿ? ಹಿಂದ ಯಾರು ಬಳಸ್ಯಾರ? ಉಲ್ಲೇಖ ತೋರಸು.’ ಅಂಗಡಿ ವಹಿ ಉಲ್ಲೇಖ ಅನಿಸಿಕೊಳ್ಳೂದಿಲ್ರೀ. ಇನ್ನೊಂದು ತೊಡಕು ಐತಿ. ಉದ್ರಿ ಒಳಗ ಬಂದು ಕುಂತ್ರ, ನನ್ನ ಬಲಗಡೆ ಡಬ್ಬಿ ಗತಿ ಏನು? ಆರಿಸಾವ ರೈತ ಅಲ್ಲ, ಅಂಗಡ್ಯಾವ ಅಂದಮ್ಯಾಲ ‘ರೈತರಲ್ಲಿ ಬೀಜದ ಆಯ್ಕೆ’ ಅನ್ನೋ ಶೀರ್ಷಿಕೇನ ಬೀಳತೈತಿ. ಸಿನಾಪ್ಸಿಸ್ ಪಾಸಾಗೇತಿ. ಕವರಿನ ಮ್ಯಾಲ ಬಂಗಾರದ ಅಕ್ಷರ ಕೂತಾವ.

ನಾಲ್ಕು ತಾಲ್ಲೂಕಿಗೂ ಒಂದೇ ಚಿತ್ರವೇ? ಹಾನಗಲ್ ಅರೆಮಲೆನಾಡು. ಸವಣೂರಿನವರು ಮುಗಿಲು ನೋಡುತ್ತಾ ಬಿತ್ತುವವರು.

ಗೊತ್ತೈತ್ರಿ. ಭತ್ತದ ಗದ್ದ್ಯಾಗ ಗೋವಿನಜೋಳ ಹಾಕಿದಾವ ಬ್ಯಾರೆ, ಒಣಭೂಮ್ಯಾಗ ಹಾಕಿದಾವ ಬ್ಯಾರೆ. ಅಂಥಾದ್ದಕ್ಕ ಮಾಡರೇಟಿಂಗ್ ವೇರಿಯಬಲ್ ಅಂತಾರ, ಬಾಣದ ಬೆನ್ನಿಗೆ ಬಂದು ಗುದ್ದೋ ಇನ್ನೊಂದು ಬಾಣ. ಹಾಕಿ ನೋಡಿದ್ಲು. ಕಂಪ್ಯೂಟರಿನಾಗ ಆ ಬಾಣ ಜಾರಿ ಮುಂದಿನ ಪುಟದ ‘ಕೃತಜ್ಞತೆಗಳು’ ಮ್ಯಾಲ ಹೋಗಿ ನಟ್ಟಿತು. ತಗದು ಒಗದ್ಲು.

(ತಾಂತ್ರಿಕ ತೊಂದರೆಗೆ ಶರಣಾದ ಸಿದ್ಧಾಂತಗಳ ಪಟ್ಟಿ ಮಾಡಿದರೆ ಅದೇ ಒಂದು ಪಿಎಚ್‌ಡಿ ಆದೀತು. ಈ ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಕೂಡ ಇರಲಿಲ್ಲವಂತೆ. ಮೊದಲ ಪ್ರಿಂಟಿನಲ್ಲಿ ‘ವಯಸ್ಸು’ ಇರಬೇಕಾದ ಕಡೆ ಯಾವ ಭಾಷೆಗೂ ಸೇರದ, ಟೋಪಿ ಹಾಕಿಕೊಂಡ ಅಕ್ಷರಗಳು ಕೂತಿದ್ದವು.)

ಕೊನೆಗೆ, ನಿಮಗೇನು ಆಸೆ?

ಒಮ್ಮೆರೆ ನನ್ನ ಪೆನ್ಸಿಲ್ಲೀಲೆ ಬರೀರಿ. ಅಳಸಾಕ ಬರಬೇಕು.

ಅಷ್ಟರಲ್ಲಿ ಕರೆಂಟು ಬಂತು, ಹುಡುಗಿಯೂ ಬಂದಳು. ಚಿತ್ರ 1.1 ಇದ್ದ ಹಾಳೆ ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗಡಿಯವನ ಬಾಲ್‌ಪೆನ್ ಇಸಿದುಕೊಂಡು, ಕೆಳಗೆ ಉಳಿದಿದ್ದ ಬಿಳಿ ಜಾಗದಲ್ಲಿ ಕೈಯಿಂದಲೇ ಸೊಟ್ಟದೊಂದು ಡಬ್ಬಿ ಎಳೆದು ಒಳಗೆ ‘ಉದ್ರಿ’ ಎಂದು ಬರೆದಳು. ಬಾಣವನ್ನು ಎತ್ತ ತಿರುಗಿಸುವುದೆಂದು ತಿಳಿಯದೆ ಪೆನ್ನು ಹಾಗೇ ಹಿಡಿದು ನಿಂತಳು.

‘ಬೈಂಡಿಂಗ್ ಹಾಕ್ಲೇನವಾ?’

‘ಹಾಕ್ರಿ ಅಣ್ಣಾ. ಸ್ಪೈರಲ್ ನೀಲಿದು.’

‘ರೊಕ್ಕ?’

‘ಸೋಮವಾರ ಕೊಡ್ತೀನ್ರಿ.’

ಅಂಗಡಿಯವ ಡ್ರಾದಿಂದ ವಹಿ ತೆಗೆದು ಹೆಸರು ಬರೆದುಕೊಂಡ. ಕೈಗೆ ಸಿಕ್ಕ ಕೆಂಪು ಸ್ಪೈರಲ್ ತೆಗೆದು ಪೋಣಿಸತೊಡಗಿದ.